ಬೀಜದ ಫ್ಯಾಕ್ಟರಿಗೆ ಮುಖ ನೋಡುವ ಹಾಜರಿ ಮೆಷಿನ್: ಬಳಸಿ ನೋಡಿದ ಅನುಭವ

ಕಾರ್ಕಳ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಹಾಜರಿ, ಸಂಬಳ, ಪಿಎಫ್, ಕಾರ್ಮಿಕರ ವಿಮೆಯಾದ ಇಎಸ್‌ಐ ನೋಡಿಕೊಳ್ಳುವುದು ನನ್ನ ಕೆಲಸ. ಕೆಲಸಕ್ಕೆ ಬರುವವರಲ್ಲಿ ಹೆಂಗಸರೇ ಜಾಸ್ತಿ. ಮೊದಲು ನಮ್ಮಲ್ಲಿ ಹಾಜರಿ ಪುಸ್ತಕ ಇತ್ತು. ಆಮೇಲೆ ಬೆರಳಚ್ಚಿನ ಮೆಷಿನ್ ಬಂತು. ಈಗ ಗೇಟಿನ ಒಳಗಿನ ಗೋಡೆಯಲ್ಲಿ ಮುಖ ನೋಡಿ ಹಾಜರಿ ಹಾಕುವ ಮೆಷಿನ್ ಉಂಟು. ಒಂದು ಬೀಜದ ಸೀಸನ್, ಒಂದು ಮಳೆಗಾಲ, ಎರಡೂ ಅದರಲ್ಲೇ ಕಳೆದಿವೆ. ಮೆಷಿನ್ ಹೊಸದಿರುವಾಗ ಎಲ್ಲವೂ ಚಂದ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಬರೆದರೆ ಓದುವವರಿಗೆ ಉಪಯೋಗ ಅಂತ ಕಾದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಈ ಸಾಮಾನಿನಲ್ಲಿ ಒಳಗಿನ ಮೆಷಿನ್ ಒಂದೇ ಇದ್ದು ಹೊರಗಿನ ಸ್ಟಿಕ್ಕರ್ ಮಾತ್ರ ಬೇರೆ ಇರುವುದು ಮಾಮೂಲು. ನಿಮ್ಮ ಊರಿನ ಡೀಲರ್ ಯಾವ ಹೆಸರಿನದ್ದು ತೋರಿಸಿದರೂ ಮುಂದೆ ಹೇಳುವ ವಿಷಯಗಳನ್ನು ಕೇಳಿಯೇ ತೆಗೆದುಕೊಳ್ಳಿ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಬೀಜದ ಫ್ಯಾಕ್ಟರಿ, ಮೀನಿನ ಯೂನಿಟ್, ಹಂಚಿನ ಕಾರ್ಖಾನೆ, ಹೀಗೆ ಬರಿಗೈಯಲ್ಲಿ ದುಡಿಯುವವರು ಇರುವ ಯಾವ ಜಾಗಕ್ಕೂ ಬೆರಳಚ್ಚಿನ ಮೆಷಿನ್ ಬೇಡ. ಮುಖದ ಮೆಷಿನ್ ಹಾಕಿಸಿ. ಆದರೆ ಅದು ಒಬ್ಬರನ್ನು ಗುರುತು ಹಿಡಿಯದ ದಿನ ಏನು ಮಾಡುವುದು ಅಂತ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದನ್ನು ಬರೆಯದೆ ಯಾವ ಮೆಷಿನನ್ನೂ ಗೋಡೆಗೆ ಹೊಡೆಸಬೇಡಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಾಜರಿಯಲ್ಲಿ ಒಂದು ದಿನ ತಪ್ಪಿದರೆ ನಮ್ಮ ಹೆಂಗಸರಿಗೆ ಹೋಗುವುದು ಆ ದಿನದ ಕೂಲಿ ಮಾತ್ರ ಅಲ್ಲ.

ಮೊದಲು ಬೆರಳಿನ ವಿಷಯ. ಗೇರುಬೀಜದ ಸಿಪ್ಪೆಯೊಳಗೆ ಎಣ್ಣೆ ಇರುತ್ತದೆ. ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಇರುವ ಎಣ್ಣೆ. ಬ್ರೇಕ್ ಲೈನಿಂಗಿಗೆ, ಪೇಂಟಿಗೆ ಬಳಸುವ ಸಾಮಾನು ಅದು. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಗುಳ್ಳೆ ಏಳುತ್ತದೆ, ಕಪ್ಪಾಗುತ್ತದೆ, ಆಮೇಲೆ ಪದರ ಪದರ ಕಿತ್ತು ಬರುತ್ತದೆ. ಬೀಜವನ್ನು ಹಬೆಯಲ್ಲಿ ಬೇಯಿಸಿ ಒಣಗಿಸಿದ ಮೇಲೂ ಸಿಪ್ಪೆಯಲ್ಲಿ ಆ ಎಣ್ಣೆ ಉಳಿದಿರುತ್ತದೆ. ಕಟಿಂಗ್‌ನಲ್ಲಿ ಕೂತವರು ಕಾಲಿನಿಂದ ಪೆಡಲ್ ಒತ್ತಿ, ಕೈಯಲ್ಲಿ ಬೀಜ ಇಟ್ಟು ಒಡೆಯುತ್ತಾರೆ. ಹರಳೆಣ್ಣೆ ಹಚ್ಚಿಕೊಂಡೇ ಕೂರುತ್ತಾರೆ, ಕೆಲವರು ಬೂದಿಯನ್ನೂ ಹಚ್ಚುತ್ತಾರೆ. ಗ್ಲೌಸ್ ಕೊಟ್ಟರೆ ಬೀಜ ಸರಿಯಾಗಿ ಹಿಡಿಯಲು ಬರುವುದಿಲ್ಲ ಅಂತ ತೆಗೆದು ಪಕ್ಕಕ್ಕೆ ಇಡುತ್ತಾರೆ. ತೂಕದ ಮೇಲೆ ಕೂಲಿ. ಹಾಗಾಗಿ ಕೈ ನಿಧಾನ ಆದರೆ ಅವರಿಗೇ ನಷ್ಟ.

ಪೀಲಿಂಗ್‌ನಲ್ಲಿ ಎಣ್ಣೆಯ ಕಾಟ ಅಷ್ಟಿಲ್ಲ. ಅಲ್ಲಿ ತಿರುಳು ಒಣಗಿಸುವ ಬೋರ್ಮಾದಿಂದ ಬಂದ ತಿರುಳಿನ ಕೆಂಪು ಸಿಪ್ಪೆಯನ್ನು ಸಣ್ಣ ಚೂರಿಯಿಂದ ಕೆರೆದು ತೆಗೆಯಬೇಕು. ಹೆಬ್ಬೆರಳು, ತೋರುಬೆರಳು ದಿನವಿಡೀ ಉಜ್ಜುತ್ತಲೇ ಇರುತ್ತವೆ. ಹತ್ತಿಪ್ಪತ್ತು ವರ್ಷ ಇದೇ ಕೆಲಸ ಮಾಡಿದವರ ಹೆಬ್ಬೆರಳು ಹಿಡಿದು ನೋಡಿ. ತುದಿ ನುಣ್ಣಗೆ ಹೊಳೆಯುತ್ತದೆ, ಗೆರೆಯೇ ಕಾಣುವುದಿಲ್ಲ.

ಬೆರಳಚ್ಚಿನ ಮೆಷಿನ್ ನೋಡುವುದೇ ಆ ಗೆರೆಗಳನ್ನು. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲಾಗುತ್ತದೆ ಅಂತ ಗುರುತು ಮಾಡಿಕೊಂಡು, ಮೊದಲು ತೆಗೆದಿಟ್ಟದ್ದಕ್ಕೆ ತಾಳೆ ನೋಡುತ್ತದೆ. ಗೆರೆಯೇ ಸವೆದಿದ್ದರೆ ತಾಳೆ ನೋಡುವುದಕ್ಕೆ ಏನೂ ಸಿಗುವುದಿಲ್ಲ. ಮಲ್ಪೆಯ ಮೀನಿನ ಯೂನಿಟ್ ಒಂದರಲ್ಲಿ ನನ್ನ ಚಿಕ್ಕಮ್ಮನ ಮಗಳು ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಸಿಗಡಿ ಸುಲಿದು, ಐಸ್ ನೀರಿನಲ್ಲಿ ಕೈ ಮುಳುಗಿಸಿ ಬೆರಳು ಸುಕ್ಕಾಗಿರುತ್ತದೆ. ಸಂಜೆ ಹೊರಗೆ ಹೋಗುವಾಗ ಅವರದ್ದೂ ಇದೇ ಗೋಳು. ಬೆಳಿಗ್ಗೆ ಹಿಡಿದ ಬೆರಳು ಸಂಜೆ ಹಿಡಿಯುವುದಿಲ್ಲ.

ನಮ್ಮ ಪೀಲಿಂಗ್‌ನ ಹಿರಿಯರೊಬ್ಬರು ಬೆಳಿಗ್ಗೆ ಮೆಷಿನ್ ಮುಂದೆ ನಿಲ್ಲುತ್ತಿದ್ದದ್ದನ್ನು ನಾನು ದಿನಾ ನೋಡುತ್ತಿದ್ದೆ. ಹೆಬ್ಬೆರಳು ಇಡುವುದು. ಮೆಷಿನ್ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಇಡಿ ಅನ್ನುವುದು. ಸೀರೆ ಸೆರಗಿಗೆ ಬೆರಳು ಒರೆಸುವುದು, ಬಾಯಿಂದ ಹಬೆ ಊದುವುದು, ತಲೆಗೂದಲಿಗೆ ಉಜ್ಜಿ ಸ್ವಲ್ಪ ಎಣ್ಣೆ ಪಸೆ ಮಾಡಿಕೊಳ್ಳುವುದು, ಮತ್ತೆ ಇಡುವುದು. ಹಿಂದೆ ಸಾಲು ಬೆಳೆಯುತ್ತಿತ್ತು. "ಎನ್ನ ಬೆರೆಲ್ ಪತ್ತುಜಿ ಅಕ್ಕಾ" (ನನ್ನ ಬೆರಳು ಹಿಡಿಯುವುದಿಲ್ಲ ಅಕ್ಕಾ) ಅಂತ ತುಳುವಿನಲ್ಲಿ ನನ್ನ ಕಡೆ ತಿರುಗಿ ಹೇಳುವಾಗ ಅವರ ಮುಖ ಸಣ್ಣದಾಗುತ್ತಿತ್ತು. ಅಷ್ಟು ವರ್ಷ ಒಂದು ದಿನವೂ ತಡ ಮಾಡದೆ ಬಂದವರು ಸಾಲಿನಲ್ಲಿ ಎಲ್ಲರ ಎದುರು ತಪ್ಪು ಮಾಡಿದವರ ಹಾಗೆ ನಿಲ್ಲಬೇಕಿತ್ತು. ನನಗೆ ಆಗ ಬಂದಷ್ಟು ಸಿಟ್ಟು ಬೇರೆ ಯಾವುದಕ್ಕೂ ಬಂದಿಲ್ಲ.

ಅವರಿಗೆ ಒಂದು ತಿಂಗಳು ಮೆಷಿನಿನ ಪಟ್ಟಿಯಲ್ಲಿ ತುಂಬ ದಿನ ಗೈರು ಅಂತ ಬಂತು. ಅದೇ ತಿಂಗಳ ತೂಕದ ಪುಸ್ತಕ ತೆಗೆದೆ. ಮೆಷಿನ್ ಗೈರು ಅಂದ ಪ್ರತಿ ತಾರೀಕಿಗೂ ಅವರ ನಂಬರಿನ ಮುಂದೆ ಕೆಜಿ ಬರೆದಿತ್ತು, ಪಕ್ಕದಲ್ಲಿ ಮೇಸ್ತ್ರಿಯ ಸಹಿ ಇತ್ತು. ಮನೆಯಲ್ಲಿ ಕೂತವರ ಹೆಸರಿನಲ್ಲಿ ಸುಲಿದ ತಿರುಳು ಎಲ್ಲಿಂದ ಬರುತ್ತದೆ ಹೇಳಿ? ಎರಡನ್ನೂ ಇಟ್ಟು ಮ್ಯಾನೇಜರಿಗೆ ತೋರಿಸಿದೆ. ಇಎಸ್‌ಐ, ಪಿಎಫ್ ಎರಡನ್ನೂ ಮರುತಿಂಗಳ 15ನೇ ತಾರೀಕಿನ ಒಳಗೆ ಕಟ್ಟಬೇಕು. ಅದಕ್ಕೆ ಮೊದಲೇ ಸರಿಪಡಿಸಿ ಹಾಕಿದೆವು.

ಆ ದಿನಗಳು ಯಾಕೆ ಮುಖ್ಯ ಅಂತ ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ. ಇಎಸ್‌ಐಯಲ್ಲಿ ವರ್ಷಕ್ಕೆ ಎರಡು ಅವಧಿ. ಏಪ್ರಿಲಿಂದ ಸೆಪ್ಟೆಂಬರ್, ಅಕ್ಟೋಬರಿಂದ ಮಾರ್ಚ್. ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇದ್ದರೆ ಮಾತ್ರ ಕಾಯಿಲೆ ಬಿದ್ದಾಗ ರಜೆಯ ಹಣ ಸಿಗುವುದು. ಅದು ದಿನಗೂಲಿಯ ನೂರಕ್ಕೆ 70ರ ಲೆಕ್ಕದಲ್ಲಿ, ವರ್ಷಕ್ಕೆ 91 ದಿನದವರೆಗೆ. ಹೆರಿಗೆ ಸೌಲಭ್ಯಕ್ಕೂ ದಿನದ ಲೆಕ್ಕವೇ. ನಮ್ಮಲ್ಲಿ ಮದುವೆ, ದೈವದ ನೇಮ, ಗದ್ದೆ ಕೆಲಸ, ಮಕ್ಕಳ ಜ್ವರ ಅಂತ ರಜೆ ಹಾಕುವವರು ಇದ್ದಾರೆ. ಅಂಥವರದ್ದು 80, 85 ದಿನದಲ್ಲಿ ನಿಂತಿರುತ್ತದೆ. ಅದರಲ್ಲಿ ಮೆಷಿನ್ ಒಂದು ಹತ್ತು ದಿನ ನುಂಗಿದರೆ ಗರ್ಭಕೋಶದ ಆಪರೇಷನ್ ಆಗಿ ಮಲಗಿರುವಾಗ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಬೆರಳು ಹಿಡಿಯಲಿಲ್ಲ ಅನ್ನುವ ಸಣ್ಣ ವಿಷಯ ಇಲ್ಲಿಗೆ ಬಂದು ಮುಟ್ಟುತ್ತದೆ.

ಇದಾದ ಮೇಲೆ ಮಾಲೀಕರು ಮುಖದ ಮೆಷಿನ್ ತರಿಸಲು ಒಪ್ಪಿದರು.

ಈಗ ಆ ಮೆಷಿನ್ ಬಗ್ಗೆ. ಒಂದು ದೊಡ್ಡ ಮೊಬೈಲಿನಷ್ಟು ಸೈಜು, ಎದುರಿಗೆ ಪರದೆ, ಮೇಲೆ ಎರಡು ಕ್ಯಾಮೆರಾ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಟ್ಟು ನೋಡುವುದರಿಂದ ಬೆಳಗಿನ ಮಬ್ಬಿನಲ್ಲೂ ಹಿಡಿಯುತ್ತದೆ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಒಪ್ಪುವುದಿಲ್ಲ, ನಾವು ಮಾಡಿ ನೋಡಿದ್ದೇವೆ. ಮುಖದ ಆಕಾರವನ್ನು ಸಂಖ್ಯೆಗಳಾಗಿ ಮಾಡಿ ಇಟ್ಟುಕೊಂಡು, ಎದುರು ಬಂದವರ ಸಂಖ್ಯೆಗಳಿಗೆ ಹೋಲಿಸುತ್ತದೆ. ಎರಡು ಮೂರು ಅಡಿ ದೂರದಲ್ಲಿ ನಡೆದುಕೊಂಡು ಹೋದರೂ ಸಾಕು, ನಿಲ್ಲಬೇಕಾಗಿಲ್ಲ. ಸಾಲು ಅನ್ನುವುದೇ ಹೋಯಿತು. ಬೆಳಿಗ್ಗೆ ಬಸ್ಸಿಳಿದು ಒಟ್ಟಿಗೆ ಬರುವ ಗುಂಪು ಮಾತಾಡಿಕೊಂಡೇ ಒಳಗೆ ಹೋಗುತ್ತದೆ. ಆ ಪೀಲಿಂಗ್‌ನ ಹಿರಿಯರದ್ದು ಮೊದಲ ದಿನವೇ ಹಿಡಿಯಿತು, ಇವತ್ತಿನವರೆಗೆ ಬಿಟ್ಟಿಲ್ಲ.

ಇನ್ನೊಂದು ಲಾಭ ಉಂಟು. ಗ್ರೇಡಿಂಗ್, ಪ್ಯಾಕಿಂಗ್‌ನವರು ಕೈ ತೊಳೆದು, ತಲೆಗೆ ಟೊಪ್ಪಿ ಹಾಕಿಕೊಂಡು ತಿರುಳು ಮುಟ್ಟುವವರು. ಎಲ್ಲರೂ ಬೆರಳು ಇಟ್ಟ ಗಾಜನ್ನು ಅವರು ಮುಟ್ಟುವುದು ಆಹಾರದ ಕೆಲಸಕ್ಕೆ ಒಳ್ಳೆಯದಲ್ಲ. 2020ರಲ್ಲಿ ಕೊರೊನಾ ಶುರುವಾದಾಗ ಸರ್ಕಾರಿ ಆಫೀಸುಗಳಲ್ಲೇ ಬೆರಳಚ್ಚು ನಿಲ್ಲಿಸಿದ್ದರಲ್ಲ, ಕಾರಣ ಇದೇ. ಮುಖದ ಮೆಷಿನ್ ಮುಟ್ಟುವುದೇ ಬೇಡ. ಟೊಪ್ಪಿ ಇದ್ದರೂ ಹಿಡಿಯುತ್ತದೆ. ಮಾಸ್ಕ್ ಇದ್ದರೆ ಕೆಲವೊಮ್ಮೆ ತೆಗೆಯಬೇಕಾಗುತ್ತದೆ.

ಎಲ್ಲಿ ಹಾಕಬೇಕು ಅನ್ನುವುದನ್ನು ಡೀಲರ್ ಹುಡುಗರಿಗೆ ಬಿಡಬೇಡಿ. ಅವರಿಗೆ ಪ್ಲಗ್ ಪಾಯಿಂಟ್ ಹತ್ತಿರ ಇದ್ದರೆ ಸಾಕು. ನಮ್ಮಲ್ಲಿ ಮೊದಲು ಗೇಟಿನ ಎದುರೇ ಹಾಕಿದರು. ಬಂದವರ ಬೆನ್ನ ಹಿಂದಿನಿಂದ ಬೆಳಗಿನ ಬಿಸಿಲು ನೇರ ಕ್ಯಾಮೆರಾಕ್ಕೆ ಹೊಡೆಯುತ್ತಿತ್ತು, ಎಲ್ಲರ ಮುಖವೂ ಕಪ್ಪು. ಪಕ್ಕದ ಗೋಡೆಗೆ, ಮಾಡಿನ ಕೆಳಗೆ ಬದಲಾಯಿಸಿದ ಮೇಲೆ ಸರಿಯಾಯಿತು. ಎತ್ತರವೂ ನೋಡಬೇಕು. ನಮ್ಮ ಕಡೆಯ ಹೆಂಗಸರ ಎತ್ತರಕ್ಕೆ ಸರಿಯಾಗಿ ಸ್ವಲ್ಪ ಕೆಳಗೆ ಇರಲಿ. ಅಡ್ಡಮಳೆಗೆ ನೀರು ಚಿಮ್ಮುವ ಜಾಗ ಬೇಡವೇ ಬೇಡ. ಜೋರು ಮಳೆಯ ಆಟಿ ತಿಂಗಳಲ್ಲಿ ಬಾಗಿಲಿನ ಮರವೇ ಉಬ್ಬುವ ಊರು ನಮ್ಮದು, ಮೆಷಿನಿನ ಗಾಜಿನ ಮೇಲೂ ತೇವ ಕೂರುತ್ತದೆ. ಬೆಳಿಗ್ಗೆ ವಾಚ್‌ಮನ್ ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ನೋಂದಣಿ ಮಾಡುವಾಗ ಅವಸರ ಬೇಡ. ಅವತ್ತು ಡೀಲರ್ ಕಡೆಯಿಂದ ಬಂದದ್ದು ಗಂಡು ಹುಡುಗರು. ಮುಖ ಮುಚ್ಚಿಕೊಂಡು ಬರುವ ಬ್ಯಾರಿ ಹೆಂಗಸರು ಕೆಲವರು ನಮ್ಮಲ್ಲಿದ್ದಾರೆ. ಅವರದ್ದನ್ನು ಒಳಗಿನ ರೂಮಿನಲ್ಲಿ ನಾನೇ ತೆಗೆದೆ. ದಿನಾ ಹಾಜರಿ ಹಾಕುವುದಕ್ಕೂ ಅವರಿಗೆ ಹೆಂಗಸರ ರೆಸ್ಟ್ ರೂಮಿನ ಪಕ್ಕ ಇನ್ನೊಂದು ಮೆಷಿನ್ ಇಡಲು ಮಾಲೀಕರನ್ನು ಒಪ್ಪಿಸಿದ್ದೇವೆ. ಇದು ಸಣ್ಣ ಖರ್ಚು, ಆದರೆ ಅವರಿಗೆ ದೊಡ್ಡ ನೆಮ್ಮದಿ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಕಟಿಂಗ್‌ನಲ್ಲಿ ಅವಳಿ ಅಕ್ಕತಂಗಿಯರಿದ್ದಾರೆ. ಮೆಷಿನ್ ಅವರನ್ನು ಆಗಾಗ ಅದಲುಬದಲು ಮಾಡುತ್ತದೆ. ಒಬ್ಬಳಿಗೆ ಎರಡು ಇನ್, ಇನ್ನೊಬ್ಬಳಿಗೆ ಗೈರು. ಅವರಿಬ್ಬರಿಗೂ ಕಾರ್ಡ್ ಕೊಟ್ಟೆವು. ಇದೇ ಮೆಷಿನಿನಲ್ಲಿ ಕಾರ್ಡ್ ತೋರಿಸಲೂ ಆಗುತ್ತದೆ. ತೆಗೆದುಕೊಳ್ಳುವಾಗ ಕಾರ್ಡಿನ ಸೌಲಭ್ಯ ಇರುವುದನ್ನೇ ನೋಡಿ ತೆಗೆದುಕೊಳ್ಳಿ.

ಸಿಡಿಲಿನ ವಿಷಯ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ, ಆಮೇಲೆ ಮಳೆ ಹೋಗುವ ಅಕ್ಟೋಬರ್. ಸಂಜೆ ಗುಡುಗು ಶುರುವಾದರೆ ನಾವು ಟಿವಿಯ ಕೇಬಲ್ ಕೀಳುತ್ತೇವಲ್ಲ, ಮೆಷಿನಿಗೂ ಹಾಗೇ. ಉದ್ದದ ನೆಟ್‌ವರ್ಕ್ ಕೇಬಲ್ ಎಳೆದರೆ ಸಿಡಿಲಿಗೆ ಮೊದಲು ಹೋಗುವುದು ಅದರ ಪೋರ್ಟು. ನಾವು ವೈಫೈಯಲ್ಲಿ ಹಾಕಿದ್ದೇವೆ. ಕರೆಂಟ್ ಹೋದರೆ ಅಂತ ಒಂದು ಸಣ್ಣ 12 ವೋಲ್ಟಿನ ಬ್ಯಾಟರಿ ಬ್ಯಾಕಪ್ ಇಟ್ಟಿದ್ದೇವೆ. ಈ ಮೆಷಿನಿನ ಒಳಗೆ ಬ್ಯಾಟರಿ ಇಲ್ಲ. ನೆಟ್ ಇಲ್ಲದಿದ್ದರೂ ಹಾಜರಿ ಮೆಷಿನಿನಲ್ಲೇ ಉಳಿದು, ನೆಟ್ ಬಂದ ಮೇಲೆ ಆಫೀಸಿನ ಕಂಪ್ಯೂಟರಿಗೆ ಬರುತ್ತದೆ. ಡೀಲರ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಅವರು ಎದುರಿರುವಾಗಲೇ ವೈಫೈ ಆಫ್ ಮಾಡಿ, ನಾಲ್ಕು ಜನರಿಂದ ಹಾಜರಿ ಹಾಕಿಸಿ, ಮತ್ತೆ ಆನ್ ಮಾಡಿ ನೋಡಿ.

ಇಲ್ಲಿಯವರೆಗೆ ಮೆಷಿನಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಸಾಫ್ಟ್‌ವೇರಿಗೆ ಎರಡೂವರೆ ಮಾತ್ರ. ಅದಕ್ಕೆ ಕಾರಣ ಸ್ವಲ್ಪ ಉದ್ದ ಹೇಳಬೇಕು.

ಮೆಷಿನ್ ಬರೆದಿಡುವುದು ಸಮಯ ಮಾತ್ರ. ಯಾರು, ಎಷ್ಟು ಗಂಟೆಗೆ. ಅದನ್ನು ಹಾಜರಿ, ತಡ, ಅರ್ಧ ದಿನ, ಓಟಿ (ಹೆಚ್ಚಿನ ಹೊತ್ತಿನ ದುಡಿಮೆ) ಅಂತ ಮಾಡುವುದು ಸಾಫ್ಟ್‌ವೇರ್. ಅದರಲ್ಲಿ ಮೊದಲೇ ಕೆಲವು ಸೆಟ್ಟಿಂಗ್ ಹಾಕಿಯೇ ಕೊಡುತ್ತಾರೆ. ನಮಗೆ ಬಂದದ್ದರಲ್ಲಿ ಅರ್ಧ ಗಂಟೆಯ ರೌಂಡಿಂಗ್ ಇತ್ತು. ಅಂದರೆ 8 ಗಂಟೆಯ ಶಿಫ್ಟಿಗೆ 8:05ಕ್ಕೆ ಬಂದರೆ 8:30 ಅಂತ ಲೆಕ್ಕ. ಸಂಜೆ 5:25ಕ್ಕೆ ಹೊರಟರೆ 5:00 ಅಂತ ಲೆಕ್ಕ. ಎರಡು ಕಡೆಯೂ 25 ನಿಮಿಷ ಹೋಯಿತು, ದಿನಕ್ಕೆ 50. ತಿಂಗಳಿಗೆ 26 ದಿನ ಹೀಗಾದರೆ 1300 ನಿಮಿಷ, ಅಂದರೆ 21 ಗಂಟೆ 40 ನಿಮಿಷ. ಎರಡೂವರೆ ದಿನಕ್ಕಿಂತ ಜಾಸ್ತಿ ದುಡಿಮೆ! ಯಾರೂ ಕದ್ದದ್ದಲ್ಲ, ಒಂದು ಟಿಕ್ ಮಾರ್ಕ್ ಮಾಡುವ ಕೆಲಸ ಇದು. ಬಾರದ ಹೊತ್ತಿಗೆ ಎಷ್ಟೋ ಅಷ್ಟೇ ಕೂಲಿ ಹಿಡಿಯಬೇಕು ಅನ್ನುವುದು 1936ರ ವೇತನ ಪಾವತಿ ಕಾಯ್ದೆಯಿಂದ ನಡೆದು ಬಂದ ಕ್ರಮ. ಐದು ನಿಮಿಷಕ್ಕೆ ಅರ್ಧ ಗಂಟೆ ಹಿಡಿಯುವುದು ನ್ಯಾಯ ಅಲ್ಲ, ಅಲ್ವಾ? ನಾನು ರೌಂಡಿಂಗ್ ಪೂರ್ತಿ ತೆಗೆಸಿದೆ. ದಿನಗೂಲಿಯವರಿಗೆ ಈಗ ನಿಮಿಷಕ್ಕೆ ನಿಮಿಷ ಲೆಕ್ಕ. ಅದರ ಮೇಲೆ ಬೆಳಿಗ್ಗೆ 10 ನಿಮಿಷದ ವಿನಾಯ್ತಿ ಇಟ್ಟಿದ್ದೇವೆ. ನಮ್ಮವರು ಬರುವುದು ಪ್ರೈವೇಟ್ ಬಸ್ಸಿನಲ್ಲಿ. ಬಸ್ ತಡವಾದರೆ ಒಂದೇ ಬಸ್ಸಿನವರಿಗೆಲ್ಲ ಒಟ್ಟಿಗೆ ತಡ ಅಂತ ಬೀಳುತ್ತದೆ. ಪಟ್ಟಿ ನೋಡುವಾಗಲೇ ಗೊತ್ತಾಗುತ್ತದೆ. ಅಂಥ ದಿನ ಯಾರಿಗೂ ಹಿಡಿಯುವುದಿಲ್ಲ ಅಂತ ಮ್ಯಾನೇಜರ್ ಒಪ್ಪಿದ್ದಾರೆ.

ರಾತ್ರಿ ಪಾಳಿಯದ್ದು ಬೇರೆ ಕಥೆ. ಬಾಯ್ಲರ್, ಬೋರ್ಮಾ ನೋಡುವ ಗಂಡಸರು ರಾತ್ರಿ 10ಕ್ಕೆ ಒಳಗೆ ಬಂದರೆ ಬೆಳಿಗ್ಗೆ 6ಕ್ಕೆ ಹೊರಗೆ. ಸಾಫ್ಟ್‌ವೇರಿಗೆ ರಾತ್ರಿ 12 ಆದರೆ ದಿನ ಮುಗಿಯಿತು. ಒಂದು ದಿನದಲ್ಲಿ ಇನ್ ಮಾತ್ರ, ಮರುದಿನದಲ್ಲಿ ಔಟ್ ಮಾತ್ರ. ಎರಡಕ್ಕೂ ಮಿಸ್ ಪಂಚ್, ಎರಡೂ ದಿನ ಗೈರು. ಇಡೀ ರಾತ್ರಿ ಬೆಂಕಿಯ ಎದುರು ನಿಂತವರಿಗೆ ಬೆಳಿಗ್ಗೆ ಪಟ್ಟಿಯಲ್ಲಿ ಏನೂ ಇಲ್ಲ. ಆ ಶಿಫ್ಟಿಗೆ ಮಾತ್ರ ಔಟ್ ಮರುದಿನಕ್ಕೆ ಬರುತ್ತದೆ ಅಂತ ಬೇರೆ ಸೆಟ್ ಮಾಡಬೇಕು. ನಿಮ್ಮಲ್ಲಿ ರಾತ್ರಿ ಪಾಳಿ ಇದ್ದರೆ ಡೆಮೊ ತೋರಿಸುವಾಗ ಇದನ್ನೇ ಮೊದಲು ಕೇಳಿ. ಉತ್ತರಕ್ಕೆ ತಡವರಿಸಿದರೆ ಆ ಸಾಫ್ಟ್‌ವೇರ್ ಬೇಡ.

ತೂಕದ ಕೂಲಿ ಇದಕ್ಕೆ ಅರ್ಥವೇ ಆಗುವುದಿಲ್ಲ. ಪೀಲಿಂಗ್‌ನ ಕೆಲವರು ಮಗು ಶಾಲೆಯಿಂದ ಬರುವ ಹೊತ್ತಿಗೆ ಅಂತ 3 ಗಂಟೆಗೇ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಸುಲಿದಷ್ಟಕ್ಕೆ ಕೂಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಸಾಫ್ಟ್‌ವೇರ್ ಮಾತ್ರ ಅರ್ಧ ದಿನ ಅಂತ ಹಾಕುತ್ತದೆ. ಇಎಸ್‌ಐ ಲೆಕ್ಕಕ್ಕೆ ಕೂಲಿ ಬಂದ ದಿನ ಅಂದರೆ ಒಂದು ದಿನವೇ. ಅರ್ಧ ಅಂತ ಕೂಡಿಸುತ್ತಾ ಹೋದರೆ ಮತ್ತೆ ಆ 78ರ ಲೆಕ್ಕಕ್ಕೇ ಪೆಟ್ಟು. ಹಾಗಾಗಿ ತೂಕದ ಕೂಲಿಯವರಿಗೆ ಅರ್ಧ ದಿನ ಅನ್ನುವುದನ್ನೇ ತೆಗೆಸಿ, ಇನ್ ಇದ್ದರೆ ಆ ದಿನ ಹಾಜರ್ ಅಂತ ಮಾಡಿಸಿದ್ದೇನೆ. ತಿಂಗಳ ಕೊನೆಗೆ ತೂಕದ ಪುಸ್ತಕವನ್ನೂ ಮೆಷಿನಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇನೆ. ಈ ಕೆಲಸವನ್ನು ಯಾವ ಸಾಫ್ಟ್‌ವೇರೂ ನನಗೆ ಮಾಡಿಕೊಟ್ಟಿಲ್ಲ.

ರಜೆಯ ಪಟ್ಟಿ ಬೆಂಗಳೂರಿನ ಆಫೀಸಿಗೆ ಮಾಡಿದ್ದು. ಎರಡನೇ ಶನಿವಾರ ರಜೆ ಅಂತ ಇತ್ತು. ಕೃಷ್ಣಾಷ್ಟಮಿ ಸರ್ಕಾರಿ ಕ್ಯಾಲೆಂಡರಿನ ದಿನಕ್ಕೇ ಇತ್ತು. ಉಡುಪಿಯ ಅಷ್ಟಮಿ ಸೌರಮಾನದ್ದು, ಎಷ್ಟೋ ವರ್ಷ ಬೇರೆಯೇ ದಿನ ಬರುತ್ತದೆ. ಅಷ್ಟಮಿಯ ಮೊಸರುಕುಡಿಕೆ, ವಿಟ್ಲಪಿಂಡಿ ದಿನ ಯಾರು ಕೆಲಸಕ್ಕೆ ಬರುತ್ತಾರೆ ಮಾರಾಯ್ರೆ? ಕೂತು ಎಲ್ಲ ಬದಲಾಯಿಸಿದೆ. ವರ್ಷಕ್ಕೊಮ್ಮೆಯ ಕೆಲಸ, ತೊಂದರೆ ಇಲ್ಲ.

ಸಾಫ್ಟ್‌ವೇರಿನಿಂದ ಒಂದು ದೊಡ್ಡ ಉಪಕಾರ ಆಗಿದೆ, ಅದನ್ನೂ ಹೇಳಬೇಕು. ಹಾಜರಿ ಪುಸ್ತಕದ ಕಾಲದಲ್ಲಿ ಬರೆಯುತ್ತಿದ್ದದ್ದು ಬರೀ ಹಾಜರ್ ಅಂತ. ಎಷ್ಟು ಗಂಟೆ ನಿಂತರು ಅಂತ ಎಲ್ಲೂ ಇರಲಿಲ್ಲ. ದೀಪಾವಳಿಗೆ ಮೊದಲು ಆರ್ಡರ್ ಜಾಸ್ತಿ ಇರುವಾಗ ಪ್ಯಾಕಿಂಗ್‌ನವರು ರಾತ್ರಿಯಾಗುವವರೆಗೆ ನಿಲ್ಲುತ್ತಾರೆ. ಓಟಿ ಎಷ್ಟು ಗಂಟೆ ಅನ್ನುವುದು ಮೇಸ್ತ್ರಿಯ ನೆನಪಿನ ಮೇಲೆ ಹೋಗುತ್ತಿತ್ತು. ವಾರಕ್ಕೆ 48 ಗಂಟೆ ದಾಟಿದರೆ ಎರಡು ಪಟ್ಟು ಕೊಡಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯಿಂದಲೇ ಇದೆ. ಆದರೆ ಗಂಟೆಯ ದಾಖಲೆಯೇ ಇಲ್ಲದಿದ್ದರೆ ಕೇಳುವುದು ಹೇಗೆ? ಈಗ ಹೊರಟ ಸಮಯ ನಿಮಿಷದ ಸಮೇತ ಇದೆ. ಕಳೆದ ದೀಪಾವಳಿಗೆ ಓಟಿಯ ವಿಷಯಕ್ಕೆ ಒಬ್ಬರೂ ಜಗಳಕ್ಕೆ ಬರಲಿಲ್ಲ. ಮೆಷಿನ್ ಬೇಕು ಅಂತ ನಾನು ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಹಾಗಾಗಿ ಆ ದಾಖಲೆ ಅವರ ಕೈಗೂ ಸಿಗಬೇಕು. ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಅದು ಮಾಲೀಕರ ಪುಸ್ತಕವೇ ಆಯಿತು. ನಾವು ಒಂದನೇ ತಾರೀಕಿಗೆ ಒಬ್ಬೊಬ್ಬರಿಗೂ ಒಂದು ಸ್ಲಿಪ್ ಕೊಡುತ್ತೇವೆ. ತಾರೀಕು, ಬಂದ ಸಮಯ, ಹೋದ ಸಮಯ, ಗೈರು, ಓಟಿ. ಎರಡು ದಿನ ಮನೆಗೆ ತೆಗೆದುಕೊಂಡು ಹೋಗಿ ನೋಡಿ, ಮಕ್ಕಳ ಹತ್ತಿರ ಓದಿಸಿ, ತಪ್ಪಿದ್ದರೆ ಬಂದು ಹೇಳಿ ಅಂತ ಹೇಳಿದ್ದೇವೆ. ಸಂಬಳ ಹಾಕುವುದು ಅದಾದ ಮೇಲೆಯೇ. ತಪ್ಪು ಸರಿ ಮಾಡುವ ಫಾರಂ ಒಂದು ಪುಟದ್ದು. ಕೆಲಸಗಾರರ ಸಹಿ, ಮೇಸ್ತ್ರಿಯ ಸಹಿ, ನನ್ನ ಸಹಿ. ಮೆಷಿನ್ ಹಿಡಿಯದ ದಿನ ಕೂಡಲೇ ಗೇಟಿನ ಪುಸ್ತಕದಲ್ಲಿ ಹೆಸರು, ಸಮಯ ಬರೆದು ವಾಚ್‌ಮನ್ ಸಹಿ ಹಾಕಬೇಕು, ಅವತ್ತೇ. ಆರಂಭದಲ್ಲಿ ನಾನು ಹೇಳಿದ ಬರೆದಿಟ್ಟ ಕ್ರಮ ಅಂದರೆ ಇಷ್ಟೇ.

ತೊಂದರೆ ಏನೆಂದರೆ ಸಾಫ್ಟ್‌ವೇರ್ ಸ್ಲಿಪ್ ಕೊಡುವುದು ಇಂಗ್ಲಿಷಿನಲ್ಲಿ. ಹೆಸರು ಕನ್ನಡದಲ್ಲಿ ಹಾಕಿದರೆ ಚೌಕ ಚೌಕ ಬರುತ್ತದೆ. ನಾನು ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆದು, ಕನ್ನಡ ಹೆಸರು ಹಾಕಿ, ಕತ್ತರಿಸಿ ಹಂಚುತ್ತೇನೆ. ತಿಂಗಳಿಗೆ ಒಂದು ಇಡೀ ದಿನ ಅದಕ್ಕೇ ಹೋಗುತ್ತದೆ. ಕನ್ನಡ ನಾಡಿನಲ್ಲಿ ಮಾರುವ ಸಾಮಾನಿಗೆ ಇಷ್ಟು ಮಾಡಿಕೊಡಲು ಏನು ಕಷ್ಟ? ಧ್ವನಿ ಕೂಡ ಇಂಗ್ಲಿಷೇ ಇತ್ತು. ಹಠ ಹಿಡಿದು ಕೇಳಿದ ಮೇಲೆ ನಮ್ಮದೇ ಧ್ವನಿ ರೆಕಾರ್ಡ್ ಮಾಡಿ ಹಾಕಲು ಬಿಟ್ಟರು. ಈಗ ಅದು "ಆಯಿತು, ಒಳಗೆ ಹೋಗಿ" ಅನ್ನುತ್ತದೆ.

ತಿದ್ದುವ ಅಧಿಕಾರ ಯಾರಿಗೆ ಉಂಟು ಅಂತಲೂ ನೋಡಿಕೊಳ್ಳಿ. ನಮಗೆ ಬಂದಾಗ ಪಾಸ್‌ವರ್ಡ್ 1234. ಯಾರು ಬೇಕಾದರೂ ಒಳಗೆ ಹೋಗಿ ಸಮಯ ಬದಲಾಯಿಸಬಹುದಿತ್ತು. ಈಗ ತಿದ್ದುವುದು ನಾನು ಮತ್ತು ಮ್ಯಾನೇಜರ್ ಮಾತ್ರ. ಯಾರು, ಯಾವಾಗ, ಏನು ತಿದ್ದಿದರು ಅಂತ ಸಾಫ್ಟ್‌ವೇರ್ ದಾಖಲೆ ಇಡುತ್ತದೆ. ಕೆಲಸ ಬಿಟ್ಟು ಹೋದವರ ಮುಖವನ್ನು ಲೆಕ್ಕ ಚುಕ್ತಾ ಆದ ಕೂಡಲೇ ಅಳಿಸುತ್ತೇವೆ. 2023ರಲ್ಲಿ ವೈಯಕ್ತಿಕ ದತ್ತಾಂಶದ ಕಾಯ್ದೆ ಬಂದ ಮೇಲೆ ಇದರ ಬಗ್ಗೆ ಕೇಳುವವರು ಇದ್ದಾರೆ, ಕೇಳಬೇಕು ಕೂಡ. ನೋಂದಣಿಗೆ ಆಧಾರ್ ಬೇಕೇ ಬೇಕು ಅಂತ ಯಾವ ಡೀಲರಾದರೂ ಹೇಳಿದರೆ ಒಪ್ಪಬೇಡಿ. ಈ ಮೆಷಿನಿಗೆ ನಮ್ಮ ನಂಬರ್, ಹೆಸರು ಇದ್ದರೆ ಸಾಕು.

ಇದೇ ಸಾಫ್ಟ್‌ವೇರಿನ ಜೊತೆ ಒಂದು ಮೊಬೈಲ್ ಆ್ಯಪ್ ಬಂತು. ಹೊರಗೆ ಓಡಾಡುವವರಿಗೆ. ನಮ್ಮ ಡ್ರೈವರ್, ಸೀಸನಿನಲ್ಲಿ ಹೆಬ್ರಿ, ಬೆಳ್ತಂಗಡಿ ಕಡೆ ಹಸಿಬೀಜ ಖರೀದಿಗೆ ಹೋಗುವವರು ಅದರಲ್ಲಿ ಹಾಜರಿ ಹಾಕುತ್ತಾರೆ. ಘಟ್ಟದ ಬುಡದಲ್ಲಿ ಸಿಗ್ನಲ್ ಇಲ್ಲದಿದ್ದರೂ ಸಮಯ ಉಳಿದುಕೊಳ್ಳುತ್ತದೆ, ಅದು ಒಳ್ಳೆಯದು. ಆದರೆ ಔಟ್ ಹಾಕಿದ ಮೇಲೂ ಅವರು ಎಲ್ಲಿದ್ದಾರೆ ಅಂತ ಮ್ಯಾಪಿನಲ್ಲಿ ತೋರಿಸುತ್ತಿತ್ತು. ಅದನ್ನು ಆವತ್ತೇ ಬಂದ್ ಮಾಡಿಸಿದೆ. ಡ್ಯೂಟಿ ಮುಗಿದ ಮೇಲೆ ಅವರು ನೇಮಕ್ಕೆ ಹೋದರೋ ಆಸ್ಪತ್ರೆಗೆ ಹೋದರೋ ಫ್ಯಾಕ್ಟರಿಗೆ ಯಾಕೆ ಬೇಕು?

ಖರ್ಚಿನ ಬಗ್ಗೆ: ಬೆರಳಿನ ಮೆಷಿನಿಗಿಂತ ಮುಖದ್ದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಆಯಿತು, ಮೇಲೆ 18% ಜಿಎಸ್‌ಟಿ. ಸಾಫ್ಟ್‌ವೇರಿಗೆ ವರ್ಷ ವರ್ಷ ತಲೆ ಲೆಕ್ಕದಲ್ಲಿ ಕಟ್ಟಬೇಕು, ಅದನ್ನು ಮೊದಲು ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿ ಬರೆಸಿಕೊಳ್ಳಿ. ಸೀಸನಿನಲ್ಲಿ ಜನ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. ವರ್ಷದ ಜಾಸ್ತಿ ಸಂಖ್ಯೆಗೇ ಇಡೀ ವರ್ಷ ಕಟ್ಟಿಸಿಕೊಳ್ಳಲು ನೋಡುತ್ತಾರೆ. ತಿಂಗಳ ಸಂಖ್ಯೆಗೆ ಚೌಕಾಸಿ ಮಾಡಿದರೆ ಒಪ್ಪುತ್ತಾರೆ. ಸರ್ವಿಸಿಗೆ ಮಂಗಳೂರಿನಿಂದ ಜನ ಬರಬೇಕು, ಕರೆದ ದಿನವೇ ಬಂದದ್ದು ಕಡಿಮೆ. ಫೋನಿನಲ್ಲಿ ಮಾತ್ರ ತಾಳ್ಮೆಯಿಂದ ಹೇಳಿಕೊಡುತ್ತಾರೆ.

ಎಎಂಸಿ, ಅಂದರೆ ವರ್ಷದ ಸರ್ವಿಸ್ ಒಪ್ಪಂದ, ಬರುವ ತಿಂಗಳು ಮುಗಿಯುತ್ತದೆ. ಕನ್ನಡದಲ್ಲಿ ಸ್ಲಿಪ್ ಪ್ರಿಂಟ್ ಆಗುವಂತೆ ಮಾಡಿಕೊಟ್ಟರೆ ಮಾತ್ರ ಈ ಸಲ ಸಹಿ ಅಂತ ಡೀಲರಿಗೆ ಹೇಳಿ ಆಗಿದೆ. ಮಾಡಿ ಕೊಡುತ್ತೇವೆ ಅಂದಿದ್ದಾರೆ. ಪ್ರಿಂಟ್ ಕೈಗೆ ಬರಲಿ, ಆಗ ಸಾಫ್ಟ್‌ವೇರಿನ ಎರಡೂವರೆಗೆ ಇನ್ನೊಂದು ಸೇರಿಸುತ್ತೇನೆ.